ರುದ್ರಭೂಮಿಯ ಸೀತಾಫಲ

ಮಚ್ಚು ಹಿಡಿದು ಸ್ಕೂಟರಿನಲ್ಲಿ ರುದ್ರಭೂಮಿಗೆ ಹೊರಟವನನ್ನು ಜನ ಏನು ಕೇಳುತ್ತಾರೆ ಗೊತ್ತೇ? “ಯಾರು ಹೋದ್ರೀ?” ಯಾರೂ ಇಲ್ಲ, ನಾನೇ ಹೋಗುತ್ತಿದ್ದೇನೆ ಎಂದರೆ ಗಾಬರಿಯಾಗುತ್ತಾರೆ. ಸಂಡೂರಿಗೆ ಸಂಡೂರೇ ಅದಿರಿನ ಹಿಂದೆ ಓಡುತ್ತಿದ್ದ ಕಾಲದಲ್ಲಿ ನಿವೃತ್ತ ಮೇಷ್ಟ್ರೊಬ್ಬ ಸ್ಮಶಾನಕ್ಕೆ ಓಡುವುದು ಯಾರಿಗೆ ಅರ್ಥವಾಗಬೇಕು? ನನಗಂತೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಕಾರಣ ವೀರೇಶಿ. ಅದಿರಿನ ಲಾರಿಗಳಿಂದ ಕೈತುಂಬ ಸಂಪಾದಿಸಿದ ನನ್ನ ಹಳೆಯ ವಿದ್ಯಾರ್ಥಿ. ಊರಿಗೇನಾದರೂ ಮಾಡಬೇಕೆಂಬ ಹುಮ್ಮಸ್ಸು. ಜಾಲಿ ಬೆಳೆದು ಮುಚ್ಚಿಹೋದ ನಮ್ಮ ರುದ್ರಭೂಮಿಯನ್ನು ಸೋಮವಾರ ತನ್ನ ಜೆಸಿಬಿಯಿಂದ ಪುಕ್ಕಟೆ ಸ್ವಚ್ಛ ಮಾಡಿಕೊಡುತ್ತೇನೆಂದ. ಊರ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನೆ ಮುಟ್ಟುವಷ್ಟರಲ್ಲಿ ಅವ್ವ ನೆನಪಾದಳು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಬದುಕಿದ್ದಾಗ ಒಂದು ಗಳಿಗೆ ಕೂರದ ಅವ್ವ ಅಲ್ಲೊಂದು ಸೀತಾಫಲದ ಗಿಡದ ಕೆಳಗೆ ಕೊನೆಗೂ ಕೂತಿದ್ದಾಳೆ. ಕಲ್ಲು ಹಾಕಿಸಿಲ್ಲ, ಗಿಡವೇ ಗುರುತು. ಜೆಸಿಬಿ ಬರುವ ಮೊದಲು ಅದನ್ನು ಪತ್ತೆ ಹಚ್ಚಬೇಕು; ಜಾಲಿ ಕಡಿಯಲು ಆಳು ಹುಡುಕಿದರೆ ಎಲ್ಲರೂ ಗಣಿಯಲ್ಲಿ. ಕಂಪ್ಲಿಯಿಂದ ಅಕ್ಕನನ್ನು ಕರೆಸಿಕೊಂಡೆ.

ಬೇಲಿಯ ಎಲೆಗಳೆಲ್ಲ ಲಾರಿ ಧೂಳಿಗೆ ಕೆಂಪು. ಮುಳ್ಳು ಕಡಿದು ಒಳಹೊಕ್ಕರೆ ಹಸಿರು! ಎಲೆ ತನ್ನ ಬಣ್ಣದಲ್ಲೇ ಇರುವುದನ್ನು ನೋಡಿ ಎಷ್ಟು ಕಾಲವಾಗಿತ್ತು. ತಂಪು ನೆರಳು, ಪಿಕಳಾರ ಹಕ್ಕಿಗಳ ಗಲಾಟೆ, ಸಮಾಧಿಗಳ ಮೇಲೆ ಹಬ್ಬಿದ ಕಾಡುಮಲ್ಲಿಗೆ. ಇಷ್ಟು ಚೆಂದದ ಜಾಗ ಬದುಕಿದವರಿಗೆ ಊರಲ್ಲೆಲ್ಲೂ ಉಳಿದಿರಲಿಲ್ಲ. ಆದರೆ ಅವ್ವನ ಗಿಡ ಯಾವುದು? ಹಕ್ಕಿಗಳು ಹಣ್ಣು ತಿಂದು ಕಂಡಲ್ಲೆಲ್ಲ ಬೀಜ ಉದುರಿಸಿ, ಒಂದಿದ್ದ ಸೀತಾಫಲದ ಗಿಡ ತೋಪೇ ಆಗಿಬಿಟ್ಟಿತ್ತು!

“ಇದೇ” ಎಂದೆ, ಒಂದನ್ನು ಹಿಡಿದು.

“ಅಲ್ಲಲೇ ತಮ್ಮಾ, ಅವ್ವನ ಗಿಡ ಬಾವಿ ಕಡೆ ವಾಲಿತ್ತು” ಎಂದಳು ಅಕ್ಕ.

ಮೂಲೆಯ ಆ ಹಾಳುಬಾವಿಯ ಕಡೆ ಎಲ್ಲವೂ ವಾಲಿದ್ದವು. ಭಾನುವಾರ ಸಂಜೆಯವರೆಗೂ ಜಗಳವಾಡಿದೆವು. ಕೊನೆಗೆ ಅಕ್ಕ ಅತ್ತುಬಿಟ್ಟಳು. ಸಮಾಧಾನ ಹೇಳಲು ಹೋದ ನಾನೂ ಅತ್ತೆ. ಹೆತ್ತವಳು ಕೂತ ಜಾಗ ಗೊತ್ತಿಲ್ಲವೆಂದರೆ ಎಷ್ಟು ಸಂಕಟ, ಎಷ್ಟು ನಾಚಿಕೆ!

ಸೋಮವಾರ ಜೆಸಿಬಿ ಬಂದೇ ಬಂತು. ನಮ್ಮ ಹುಡುಕಾಟದ ಸುದ್ದಿ ವೀರೇಶಿಗೂ ಮುಟ್ಟಿತ್ತು. ಕೆಳಗಿಳಿದು ಕೈಮುಗಿದ.

“ಸರ, ಅವ್ವಾರ ಗಿಡ ಯಾವ್ದು ತೋರಸ್ರಿ. ಅದೊಂದು ಬಿಟ್ಟು ಉಳಿದಿದ್ದೆಲ್ಲಾ ಸಾಫ್ ಮಾಡ್ತೀನಿ.”

ನಾನು ಅಕ್ಕನ ಮುಖ ನೋಡಿದೆ. ಅವಳು ಕಣ್ಣೊರೆಸಿಕೊಂಡು, ಈ ತುದಿಯಿಂದ ಆ ತುದಿಯವರೆಗೆ ಕೈ ತೋರಿಸಿದಳು.

“ಇವೆಲ್ಲಾ ನಮ್ಮವ್ವನ ಗಿಡಾನ ನೋಡಪಾ. ಬೇಲಿ ಮುಟ್ಟಬ್ಯಾಡ, ಧೂಳು ತಡೀತೈತಿ. ಒಳಗಿನ ಜಾಲಿ ಅಷ್ಟ ತಗಿ.”

ವೀರೇಶಿ ತಲೆ ಕೆರೆದುಕೊಂಡು ಜೆಸಿಬಿಯನ್ನು ಜಾಲಿಯತ್ತ ತಿರುಗಿಸಿದ. ಅವ್ವ ಸಿಕ್ಕಿದ್ದರೆ ಒಂದೇ ಗಿಡ ಉಳಿಯುತ್ತಿತ್ತು.