ಜಗಳೂರಿನಲ್ಲಿ ಬಸ್ಸಿನವರ ದರ

ಮನುಷ್ಯನು ಈ ಲೋಕದಲ್ಲಿ ಎಲ್ಲಿದ್ದರೂ ಪರಸ್ಥಳದವನೇ. ಜಗಳೂರಿನಲ್ಲಿ ಅದಕ್ಕೆ ಇಪ್ಪತ್ತು ಪೈಸೆ ಹೆಚ್ಚಿಗೆ ತೆಗೆದುಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನ ಕಡೆಯಿಂದ ಅಲ್ಲಿನ ಕಚೇರಿಯೊಂದಕ್ಕೆ ಗುಮಾಸ್ತನಾಗಿ ವರ್ಗವಾಗಿ ಬಂದೆ. ಸಂಜೆ ಐದೂವರೆಗೆ ಕಚೇರಿಗೆ ಬೀಗ ಬಿದ್ದರೆ ಮರುದಿನ ಹತ್ತರವರೆಗೆ ನನ್ನೊಡನೆ ಮಾತನಾಡುವ ಅಗತ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನಲು ಹೋಗುತ್ತಿದ್ದೆ. ಅಲ್ಲಿ ದರದ ಬೋರ್ಡು ಇರಲಿಲ್ಲ. ತಿಂದು ಎದ್ದಾಗ ಗಲ್ಲಾದಲ್ಲಿ ಕೂತ ಯಜಮಾನರು ಮುಖ ನೋಡಿ ಬೆಲೆ ಹೇಳುತ್ತಿದ್ದರು. ಊರವರಿಗೆ ನಲವತ್ತು ಪೈಸೆ, ಬಸ್ಸಿಳಿದು ಬಂದವರಿಗೆ ಅರವತ್ತು. ಎಂಟು ತಿಂಗಳಾದರೂ ನನ್ನ ಮುಖ ಆಗತಾನೇ ಬಸ್ಸಿಳಿದಂತೆಯೇ ಇತ್ತು.

ಇಪ್ಪತ್ತು ಪೈಸೆಗೆ ಕೊರಗುವಷ್ಟು ಬಡವ ನಾನಲ್ಲ. ಒಂದು ಸಲವಾದರೂ ಆ ಬಾಯಿಂದ ‘ನಲವತ್ತು’ ಎಂದು ಕೇಳಬೇಕಿತ್ತು, ಅಷ್ಟೆ. ಅದಕ್ಕೆ ಶಾಸ್ತ್ರೋಕ್ತ ಸಿದ್ಧತೆ ನಡೆಸಿದೆ. ಪ್ಯಾಂಟು ಬಿಟ್ಟು ಪಂಚೆ ಉಟ್ಟೆ. ಬಾಡಿಗೆ ಕೋಣೆಯ ಗೋಡೆಗೆ ಮುಖ ಮಾಡಿ ‘ಐತೆ’, ‘ಹೆಂಗೈತ್ರೀ’ ಎಂದು ಅಭ್ಯಾಸ ಮಾಡಿದೆ. ಗೋಡೆ ಆಕ್ಷೇಪಿಸಲಿಲ್ಲ.

“ಇವತ್ತು ಭಾಳ ಚಲೋ ಐತ್ರೀ,” ಎಂದೆ ಮರುದಿನ.

“ಸಂತೋಷ ಸ್ವಾಮಿ. ಅರವತ್ತು.”

ತಾಳ್ಮೆ ಕೆಟ್ಟಿತು. “ಯಜಮಾನ್ರೇ, ನಾನು ಈ ಊರಲ್ಲೇ ಇರೋನು. ಎಂಟು ತಿಂಗಳಾಯ್ತು.”

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಅಯ್ಯೋ, ಹೌದೇನ್ರೀ? ದಿನಾ ದುರ್ಗದ ಬಸ್ಸಿಗೆ ಕಾಯಾಕೆ ಬರ್ತೀರಿ ಅನ್ಕೊಂಡಿದ್ದೆ! ನಮ್ಮೂರೋರು ಯಾರಾದ್ರೂ ಒಬ್ರೇ ಕುಂತು ಮಂಡಕ್ಕಿ ತಿಂತಾರೇನ್ರೀ? ಅಲ್ಲಿ ನೋಡ್ರಿ.”

ದಿನವೂ ಕಂಡದ್ದನ್ನೇ ಮತ್ತೆ ನೋಡಿದೆ. ಪ್ರತಿ ಮೇಜಿನ ಮೇಲೂ ಪೇಪರು ಹಾಸಿ ಒಂದೇ ರಾಶಿ ಸುರಿದಿದ್ದರು, ಸುತ್ತ ನಾಲ್ಕೈದು ಕೈಗಳು. ತಟ್ಟೆ ಇದ್ದದ್ದು ನನ್ನ ಮೇಜಿನ ಮೇಲೆ ಮಾತ್ರ.

“ಪೇಪರಿಗಾದ್ರೆ ತಲೆಗೆ ನಲವತ್ತು. ತಟ್ಟೆ ಬಸ್ಸಿನೋರಿಗೆ, ಅರವತ್ತು. ಯಾರನ್ನಾದ್ರೂ ಕರ್ಕೊಂಡ್ ಬರ್ರಿ, ಅದಕ್ಕೇನಂತೆ!”

ಯಾರನ್ನು? ಕಚೇರಿಯ ಯಾವ ಕಡತವೂ ನನ್ನನ್ನು ಇಷ್ಟು ಕಾಡಿರಲಿಲ್ಲ. ಎರಡು ದಿನ ಯೋಚಿಸಿ, ಪಕ್ಕದ ಮೇಜಿನ ಸಹೋದ್ಯೋಗಿಯನ್ನು ಕರೆದೆ. ಅವರು ಆಗಲೇ ಸೈಕಲ್ಲಿನ ಸ್ಟ್ಯಾಂಡು ತೆಗೆದಿದ್ದರು.

“ಇವತ್ತಾ? ಮನ್ಯಾಗೆ ಕಾಯ್ತಿರ್ತಾರಲ್ರೀ ಸಾರ್. ಇನ್ನೊಂದಿನ ನೋಡಾಣ.”

ತಪ್ಪೇನಿಲ್ಲ, ಅವರಿಗೆ ಮನೆಯಿತ್ತು. ಇನ್ನೊಮ್ಮೆ ಕರೆಯಲು ನನಗೆ ಬಾಯಿ ಬರಲಿಲ್ಲ.

ಅಂದು ಹೋಟೆಲಿನೊಳಗೆ ಕಾಲಿಟ್ಟಾಗ ಯಜಮಾನರು ನನ್ನ ಬೆನ್ನ ಹಿಂದೆ ಬಾಗಿಲತ್ತ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೇ ಎದ್ದು ತಟ್ಟೆ ತಂದಿಟ್ಟರು. ದಿನದ ಎರಡು ಮೆಣಸಿನಕಾಯಿಯ ಜೊತೆ ಮೂರನೆಯದೊಂದು ಇತ್ತು.

ಎರಡು ವರ್ಷದ ಮೇಲೆ ನನಗೆ ಹೊನ್ನಾಳಿಗೆ ವರ್ಗವಾಯಿತು. ಅಲ್ಲಿಯವರೆಗೂ ಅರವತ್ತು ಪೈಸೆಯನ್ನೇ ಕೊಟ್ಟೆ.