ಚಿಂತಾಕಿಯಲ್ಲಿ ಕೇಳಿದ ಕಾಟದ ಪ್ರಶ್ನೆ

ಈ ವರ್ಷ ಎಳ್ಳ ಅಮಾವಾಸ್ಯೆ ಕಳೆದ ಮೊದಲ ಸೋಮವಾರ, ಬೀದರ ಜಿಲ್ಲೆ ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ, ಎರಡು ವರ್ಷದ ಹುಡುಗಿಯೊಬ್ಬಳು ಚೆಂಡು, ಬಟ್ಟಲು, ಗೊಂಬೆ ಎದುರಿಗಿದ್ದರೂ ಒಂದು ಮಾತೂ ಆಡದೆ ಕುಳಿತಿದ್ದಳು. ಅವಳನ್ನು ಮಾತಾಡಿಸಲು ನೋಡುತ್ತಿದ್ದವಳು ನನ್ನ ಅಣ್ಣನ ಮಗಳು. ಮಕ್ಕಳು ಮಾತು ಕಲಿಯುವ ಬಗೆ ಅವಳ ಪಿಎಚ್‌ಡಿ ವಿಷಯ. ನಾನು ಕೆಲಸ ಮಾಡುವ ಪತ್ರಿಕೆಗೆ ರಜೆ ಹಾಕಿ ಭಾಲ್ಕಿಯಿಂದ ಬೈಕಿನ ಮೇಲೆ ಅವಳನ್ನು ಕರೆತಂದಿದ್ದೆ.

ಅವಳ ವಿಧಾನ ಸರಳವಾಗಿತ್ತು. ಮಗುವಿಗೆ ಏನೇನು ಮಾತು ಬರುತ್ತದೆ ಎಂದು ಮನೆಯ ಹಿರಿಯರನ್ನು ಕೇಳುವುದು, ಆಮೇಲೆ ಆಟಿಕೆ ಮುಂದಿಟ್ಟು ತಾನೇ ಪರೀಕ್ಷಿಸುವುದು, ಕೆಲವು ತಿಂಗಳು ಬಿಟ್ಟು ಅದೇ ಮಗುವಿನ ಬಳಿಗೆ ಮತ್ತೆ ಬರುವುದು. ಬೀದರ ನಗರ, ಭಾಲ್ಕಿ, ಔರಾದ ಹಳ್ಳಿಗಳು, ಎಲ್ಲ ಕಡೆ ಒಂದೇ ಪ್ರಶ್ನೆ. ಭಾಲ್ಕಿಯಲ್ಲಿ ನೌಕರರ ಕಾಲೋನಿಯ ತಾಯಂದಿರು ಕೇಳುವ ಮೊದಲೇ ಮಗುವಿಗೆ ಬರುವ ಮಾತುಗಳನ್ನೆಲ್ಲ ಹೇಳುತ್ತಿದ್ದರು. ಔರಾದ ಕಡೆ ಮನೆಮನೆಯಲ್ಲೂ ಸಿಕ್ಕ ಉತ್ತರ, ಏನೂ ಬರುವುದಿಲ್ಲ. ಅವಳ ಗೈಡ್ ಮೇಡಂ ಇದನ್ನು ನಂಬಲಿಲ್ಲ. ಈ ಭೇಟಿಯಲ್ಲಿ ಸರಿಹೋಗದಿದ್ದರೆ ಔರಾದ ಹಳ್ಳಿಗಳನ್ನು ಅಧ್ಯಯನದಿಂದ ತೆಗೆಯುವುದಾಗಿ ಹೇಳಿ ಕಳಿಸಿದ್ದರು. ಔರಾದ ಅಣ್ಣನ ಮಗಳ ತಾಯಿಯ ತವರು. ಆ ಹಳ್ಳಿಗಳನ್ನು ಸೇರಿಸಲು ಅವಳು ವಾದ ಮಾಡಿ ಗೆದ್ದಿದ್ದಳು.

ಚಿಂತಾಕಿಯ ಆ ಮನೆಯವರು ಕುರಿ ಸಾಕುತ್ತಾರೆ, ತೊಗರಿ ಬೆಳೆಯುತ್ತಾರೆ. ನಾವು ಒಳಗೆ ಬರುತ್ತಿದ್ದಂತೆ ಅಜ್ಜಿ ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಒತ್ತಿದ್ದನ್ನು ನೋಡಿದ್ದೆ. ಅದಕ್ಕೆ ಅರ್ಥ ಹಚ್ಚಲು ಹೋಗಿರಲಿಲ್ಲ.

“ಇದಕ್ಕೇನ್ ಬರ್ತದವ್ವಾ,” ಎಂದಳು ಅಜ್ಜಿ. “ಮಂದಿ ಮಕ್ಕಳು ಮಾತಾಡ್ತಾವ. ಇದು ಬರೇ ಕಲ್ಲು ಕುಂತಂಗ ಕುಂದರ್ತದ.”

ಬಾಗಿಲ ಬಳಿ ನಿಂತಿದ್ದ ಮಗುವಿನ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗು ತಡೆದುಕೊಂಡಳೆಂದು ಕಾಣುತ್ತದೆ. ಅಣ್ಣನ ಮಗಳು ಆಟಿಕೆಗಳನ್ನು ಚೀಲಕ್ಕೆ ತುಂಬಿದಳು. ಚಹಾ ಬಂತು. ಹುಡುಗಿ ಎದ್ದು ಬಂದವಳೇ ಅಜ್ಜಿಯ ಚಹಾದ ಬಶಿಯನ್ನು ಉರುಳಿಸಿದಳು. ಸೀರೆ ಒರೆಸಿಕೊಳ್ಳುತ್ತಿದ್ದ ಅಜ್ಜಿಗೆ ಅಣ್ಣನ ಮಗಳು ಉಪಚಾರಕ್ಕೆಂದು ಕೇಳಿದಳು: “ಭಾಳ ಕಾಡ್ತಾಳೇನ್ರಿ ಆಯಿ?”

“ಯಾಕ ಕೇಳ್ತಿ ತಂಗಿ. ಮುಂಜಾನಿ ಕಣ್ಣ ಬಿಟ್ಟ ಕೂಡ್ಲೆ ‘ಆಯಿ, ಹಾಲ ಕೊಡು’ ಅಂತದ. ಕೊಟ್ಟರ ‘ಬಿಸಿ ಅದ, ಊದು’ ಅಂತದ. ಕುರಿ ಕಡಿ ಹೊಂಟರ ‘ನಾನೂ ಬರ್ತೀನಿ’ ಅಂತ ಬೆನ್ನು ಹತ್ತತದ. ಅವರಪ್ಪ ಬೀಡಿ ಹಚ್ಚಿದ್ರ ‘ಥೂ, ವಾಸನಿ’ ಅಂತ ಬೈತದ. ನನ್ನ ಜೀವಾ ತಿಂದದ.”

ಅಣ್ಣನ ಮಗಳು ನನ್ನ ಕಡೆ ನೋಡಿದಳು. ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತ್ತು. ಹೊರಗಿನವರ ಮುಂದೆ ಮಗುವನ್ನು ಹೊಗಳಿದರೆ ದೃಷ್ಟಿಯಾಗುತ್ತದೆ. ದೂರು ಹೇಳಿದರೆ ಆಗುವುದಿಲ್ಲ. ಅವಳ ಪ್ರಶ್ನೆ ಇಷ್ಟು ದಿನ ಅಜ್ಜಿಯರಿಂದ ಹೊಗಳಿಕೆ ಕೇಳುತ್ತಿತ್ತು.

ಆದರೆ ಹೇಳಿದ್ದು ಸಾಲದು. ಕಣ್ಣಾರೆ ಕಂಡದ್ದಕ್ಕೆ ಅದು ಹೊಂದಬೇಕು, ಇಬ್ಬರು ಬೇರೆಬೇರೆ ಬರೆದದ್ದೂ ಒಂದಕ್ಕೊಂದು ಹೊಂದಬೇಕು. ಇದು ಗೈಡ್ ಮೇಡಂ ನಿಯಮ. ಅಣ್ಣನ ಮಗಳು ಮಗುವಿನ ತಾಯಿಯ ಒಪ್ಪಿಗೆ ಕೇಳಿ ಅಂಗಳಕ್ಕೆ ಬಂದಳು. ಮಗುವಿನ ಕಡೆ ನೋಡದೆ ಅಜ್ಜಿಯ ಜೊತೆ ತೊಗರಿ ಹಸನು ಮಾಡಲು ಕುಳಿತಳು. ತಾಯಿಯ ತವರಿನ ನೆಂಟರ ಮಾತು ತೆಗೆದಳು. ನಾನು ಕಟ್ಟೆಯ ಮೇಲೆ ಕಾಗದ ಹಿಡಿದು ಕುಳಿತೆ. ಕಿವಿಗೆ ಬಿದ್ದದ್ದನ್ನು ಅವಳು ಆಮೇಲೆ ತನ್ನ ಹಾಳೆಯಲ್ಲಿ ಬರೆಯುವುದೆಂದು ಮಾತಾಗಿತ್ತು.

“ಏನ್ ಬರಕೋತ ಕುಂತೀರಿ ಸಾಹೇಬ್ರ? ನಮ್ಮ ತೊಗರಿ ಲೆಕ್ಕಾ ಏನ್ರಿ?” ಎಂದು ಅಜ್ಜಿ ಚುಚ್ಚಿದಳು. ಮೊಮ್ಮಗಳ ಕಾಟ ಬರೆಯುತ್ತಿದ್ದೇನೆ ಎಂದೆ. ಹಾಗಾದರೆ ಇನ್ನೊಂದು ಹಾಳೆ ತನ್ನಿ ಎಂದಳು.

ಹುಡುಗಿ ಬಹಳ ಹೊತ್ತು ಗೋಡೆಗೆ ಒರಗಿ ನಿಂತಿದ್ದಳು. ಆಮೇಲೆ ಖಾಲಿ ಬಟ್ಟಲು ಎತ್ತಿಕೊಂಡು ಬುಟ್ಟಿಯ ಕೆಳಗಿಂದ ಮೂತಿ ಚಾಚಿದ್ದ ಕುರಿಮರಿಯ ಹತ್ತಿರ ಹೋಗಿ ಕುಳಿತಳು.

“ಇಲ್ಲಿ ಬಾ,” ಎಂದಳು. ಬಟ್ಟಲನ್ನು ಅದರ ಮೂತಿಗೆ ಹಿಡಿದು, ಅಜ್ಜಿಯದೇ ದನಿಯಲ್ಲಿ, “ಹಾಲ ಕುಡಿ. ಬಿಸಿ ಅದ. ಊದು.”

ಸುದ್ದಿಮನೆಯಲ್ಲಿ ದೊಡ್ಡ ದೊಡ್ಡ ಚುನಾವಣಾ ಫಲಿತಾಂಶಗಳನ್ನು ಮತ್ತೊಮ್ಮೆ ಓದದೆ ಬರೆದಿದ್ದೇನೆ. ಈ ಸಾಲನ್ನು ಬರೆದು ಎರಡು ಸಲ ಓದಿಕೊಂಡೆ.

“ಕಾಕಾ, ಬರಕೊಂಡ್ರೀ?” ಎಂದು ಅಣ್ಣನ ಮಗಳು ಮೊರದಿಂದ ತಲೆಯೆತ್ತದೆ ಪಿಸುಗುಟ್ಟಿದಳು.

“ಬರಕೊಂಡೀನಿ. ನೀ ಸುಮ್ಮ ತೊಗರಿ ಹಸನ ಮಾಡು.”

ಬೈಕು ಹೊರಟ ಮೇಲೆ ಅವಳು ಔರಾದ ಬರುವವರೆಗೂ ಬೆನ್ನ ಹಿಂದಿನಿಂದ ಮಾತಾಡುತ್ತಲೇ ಇದ್ದಳು. ಗಾಳಿಗೆ ಅರ್ಧ ಕೇಳಿಸಲಿಲ್ಲ.

ಮರುದಿನ ಬೀದರದ ಗಾಂಧಿ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಗೆ ಹೋದೆವು. ಅಲ್ಲಿ ಉರ್ದು ಮಾತಾಡುವ ಮನೆಯೊಂದರ ನಾನಿ ಹಿಂದಿನ ಸಲ ತನ್ನ ಮೊಮ್ಮಗನನ್ನು ಮೂಗ ಎಂದೇ ಹೇಳಿದ್ದರು. ಈ ಸಲ ಅಣ್ಣನ ಮಗಳು ಆಟಿಕೆ ತೆಗೆಯಲೇ ಇಲ್ಲ. “ಸತಾತಾ ಕ್ಯಾ, ನಾನಿ?” ಎಂದು ಕಾಟದ ಮಾತೇ ಕೇಳಿದಳು. “ಕಾನ್ ಖಾ ಲೇತಾ, ಬೇಟಿ,” ಎಂದು ನಾನಿ ಶುರು ಮಾಡಿದರು. ಇಡೀ ದಿನ ಕಿವಿ ತಿನ್ನುತ್ತಾನೆ. ನಾನಿಯ ಹತ್ತಿರ ‘ಪಾನಿ’ ಕೇಳುತ್ತಾನೆ, ಗಂಜಿನ ಹಮಾಲರ ಹತ್ತಿರ ‘ನೀರು’ ಕೇಳುತ್ತಾನೆ. ದೂರು ಮುಗಿಯುವಷ್ಟರಲ್ಲಿ ಚಹಾ ಆರಿತ್ತು. ಹೊಸ್ತಿಲ ಮೇಲೆ ಕುಳಿತು ಹುಡುಗನನ್ನು ನೋಡಿದೆವು. ಎರಡೂ ಮಾತು ಅವನ ಬಾಯಿಂದಲೇ ಕೇಳಿದೆವು.

ಅದೇ ವಾರ ಗೈಡ್ ಮೇಡಂ ಎರಡು ಮನೆಗಳ ಹಾಳೆಗಳನ್ನು, ಅವಳದನ್ನೂ ನನ್ನದನ್ನೂ ಅಕ್ಕಪಕ್ಕ ಇಟ್ಟು ಓದಿದರು. ಓದಿ ಮುಗಿಸಿ, ಪ್ರಶ್ನೆ ಬದಲಾದರೆ ಎಲ್ಲ ಕಡೆ ಬದಲಾಗಬೇಕು, ಭಾಲ್ಕಿಯನ್ನೂ ಮೊದಲಿನಿಂದ ಕೇಳಬೇಕು ಎಂದರು. ತಿಂಗಳುಗಟ್ಟಲೆ ಮಾಡಿದ ಕೆಲಸ ಮತ್ತೆ ಮಾಡಬೇಕಿತ್ತು. ಅಣ್ಣನ ಮಗಳು ಮೆಟ್ಟಿಲು ಹಾರಿಕೊಂಡು ಕೆಳಗೆ ಬಂದು, ಬೈಕಿಗೆ ಪೆಟ್ರೋಲು ಇದೆಯೇ ಎಂದು ಕೇಳಿದಳು.

ಔರಾದ ಹಳ್ಳಿಗಳು ಅಧ್ಯಯನದಲ್ಲಿ ಉಳಿದಿವೆ. ಭಾಲ್ಕಿಯ ಮನೆಗಳಲ್ಲಿ ಹೊಸ ಪ್ರಶ್ನೆಯ ಸುತ್ತು ನಿನ್ನೆ ಶುರುವಾಗಿದೆ.