ಇಸ್ತ್ರಿ ಮೇಜಿನ ಮುಂದೆ ಕಾದಂಬರಿ

ಇಸ್ತ್ರಿ ಅಂಗಡಿಯ ಸೊಸೆ ಬೆಳಗಿನಿಂದ ಸಂಜೆತನಕ ನಿಂತೇ ಫೋನಿನಲ್ಲಿ ಪುಸ್ತಕ ಕೇಳುತ್ತಾಳೆ. ಒಂದು ಕಿವಿ ಪುಸ್ತಕಕ್ಕೆ, ಇನ್ನೊಂದು ಗಿರಾಕಿಗೆ. ಜ್ಞಾನದ ಪುಸ್ತಕಗಳನ್ನು ದುಪ್ಪಟ್ಟು ವೇಗದಲ್ಲಿ ಓಡಿಸಬಹುದು, ಕಾದಂಬರಿಯನ್ನು ಓಡಿಸಿದರೆ ಅಳುವವರೂ ಜಗಳಕ್ಕೆ ನಿಂತಂತೆ ಕೇಳುತ್ತದೆ ಎಂಬುದು ಅವಳ ಅಭಿಪ್ರಾಯ. ಮೊನ್ನೆ ಕಾದಂಬರಿಯ ಹೆಂಗಸು ಬೀಗ ಹಾಕಿದ ಕೋಣೆಯ ಕಿಟಕಿ ಹತ್ತುವಾಗ ಸೊಸೆಯ ಕೈ ನಿಂತೇಹೋಗಿ, ಗಿರಾಕಿಯ ಅಂಗಿಯ ಬೆನ್ನು ಸುಟ್ಟಿತು.

"ಇನ್ಮೇಲೆ ಇಲ್ಲಿ ಕತೆ ಬೇಡಮ್ಮ," ಎಂದರು ಅತ್ತೆ. "ಸಮುದ್ರ, ನಕ್ಷತ್ರ ಅಂತ ಇರುತ್ತಲ್ಲ, ಅದನ್ನ ಕೇಳ್ಕೋ."

"ಕತೆ ಮನೇಲಿ ಕೇಳ್ಲಾ ಅತ್ತೆ?"

"ಕೇಳು. ನಿನ್ನ ಮಕ್ಕಳಿಬ್ರೂ ಬಾಯಿ ಮುಚ್ಚಿದ ದಿನ ನನ್ನೂ ಕರಿ, ನಾನೂ ಕೇಳ್ತೀನಿ."

ಸೊಸೆ ಸಮುದ್ರದ ಪುಸ್ತಕ ಹಾಕಿದಳು. ತಿಮಿಂಗಿಲ ಎಷ್ಟು ಆಳಕ್ಕಿಳಿದರೂ ಉಸಿರಿಗಾಗಿ ಮೇಲೆ ಬರಲೇಬೇಕಂತೆ. ಅವಳು ಆ ಮಾತನ್ನು ಮೂರು ಸಲ ಕೇಳಿ, ಮುಂದಿನ ಅಂಗಿ ಹಾಸಿದಳು.